ವೆಂಕಪ್ಪನವರ ಹೂಂ

ಬೆಳಗಿನ ಐದು ಗಂಟೆ ಐದು ನಿಮಿಷ. ಲಂಡನ್ನಿನ ಅಂಚಿನ ಫೆಲ್ಥಮ್‌ನ ಒಂದು ಹೈಸ್ಕೂಲಿನ ಹಿಂಬಾಗಿಲ ಮುಂದೆ ನಿಂತು ವೆಂಕಪ್ಪ ಮೂಗು ಮೇಲೆತ್ತಿ ಗಾಳಿ ಮೂಸುತ್ತಾರೆ. 2017ರ ಮಾರ್ಚ್ ತಿಂಗಳ ಚಳಿ, ಇನ್ನೂ ಕತ್ತಲು. ಸೊಂಟದಲ್ಲಿ ನಲವತ್ತಮೂರು ಬೀಗದಕೈಗಳ ಗೊಂಚಲಿದೆ. ಅವುಗಳಲ್ಲಿ ಯಾವುದು ಯಾವ ಬಾಗಿಲಿನದೆಂದು ಕಣ್ಣು ಮುಚ್ಚಿ ಹೇಳಬಲ್ಲ ಈ ಮನುಷ್ಯ, ಬಾಗಿಲು ತೆಗೆಯುವುದನ್ನು ಬಿಟ್ಟು ಗಾಳಿ ಮೂಸುತ್ತಿರುವುದನ್ನು ಕಂಡು ನನಗೆ ನಗು ಬರುತ್ತದೆ.

"ನೆಗಾಡ್ಬೇಡಿ ಮೇಡಮ್ಮ. ವಿಮಾನದ್ ಸೀಮೆಣ್ಣಿ ವಾಸ್ನಿ ಬತ್ತಿಲ್ಲ ಕಾಣಿ," ಎನ್ನುತ್ತಾರೆ. "ವಾಸ್ನಿ ಬತ್ತಿಲ್ಲ ಅಂದ್ರೆ ಗಾಳಿ ಮೂಡ್ ಬದಿಯದ್ದ್. ಆರ್ ಗಂಟಿ ಮೇಲೆ ವಿಮಾನ ಎಲ್ಲ ನಮ್ ತಲಿ ಮೇಲೇ ಏಳ್ತೋ. ಅಷ್ಟ್ರೊಳ್ಗೆ ಮುಗೂಕ್."

ಮುಗಿಯಬೇಕಾದದ್ದು ಏಳು ನಿಮಿಷದ ಒಂದು ರೆಕಾರ್ಡಿಂಗ್. ಈ ಶಾಲೆಯ ಹತ್ತನೇ ತರಗತಿಯ ಮಕ್ಕಳು ಆಧುನಿಕ ಅಮೆರಿಕದ ಇತಿಹಾಸದ ಬಗ್ಗೆ ಐದು ಕಂತುಗಳ ಪಾಡ್‌ಕಾಸ್ಟ್ ಮಾಡುತ್ತಿದ್ದಾರೆ. ರೇಡಿಯೊ ಕಾರ್ಯಕ್ರಮದಂಥದ್ದೇ; ಆದರೆ ಇಂಟರ್ನೆಟ್ಟಿನಲ್ಲಿ ಬೇಕಾದಾಗ ಕೇಳಬಹುದು. ಲಂಡನ್ನಿನ ಶಾಲೆಗಳಿಗಾಗಿ ನಡೆಯುವ ಸ್ಪರ್ಧೆಯೊಂದಕ್ಕೆ ಅದನ್ನು ಕಳಿಸಬೇಕು. ನಾಲ್ಕು ಕಂತು ಮುಗಿದಿವೆ. ಐದನೆಯದರ ಕೊನೆಯ ಭಾಗ ಉಳಿದಿದೆ. ಇವತ್ತು ಶುಕ್ರವಾರ. ಮಧ್ಯಾಹ್ನ ಹನ್ನೆರಡಕ್ಕೆ ಗಡುವು ಮುಗಿಯುತ್ತದೆ. ಒಂದು ನಿಮಿಷ ತಡವಾದರೂ ಆರು ತಿಂಗಳ ಕೆಲಸ ನೀರಿನಲ್ಲಿ ಹೋಮ.

ಇದರಲ್ಲಿ ಬೀಗ, ರಿಪೇರಿ, ಕಸ ನೋಡಿಕೊಳ್ಳುವ ಶಾಲೆಯ ಕೇರ್‌ಟೇಕರ್‌ಗೆ ಏನು ಕೆಲಸ ಎಂದು ನೀವು ಕೇಳಬಹುದು. ಅವರ ಬಗ್ಗೆ ಕನ್ನಡ ಪತ್ರಿಕೆಯೊಂದಕ್ಕೆ ಬರೆಯಲು ವಾರದಿಂದ ಅವರ ಹಿಂದೆ ಸುತ್ತುತ್ತಿರುವ ನಾನೂ ಕೇಳಿದ್ದೆ. ಹೀಥ್ರೂ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಬದುಕುವವರಿಗೆ ಮಾತ್ರ ಇದು ಅರ್ಥವಾಗುತ್ತದೆ. ಇಲ್ಲಿ ಮೌನವೆಂಬುದು ಸುಮ್ಮನೆ ಸಿಗುವ ವಸ್ತುವಲ್ಲ, ಅದನ್ನು ಹುಡುಕಿ ತರಬೇಕು. ಆ ಮೌನವನ್ನು ಹುಡುಕಿ ತರುವವರೇ ವೆಂಕಪ್ಪ.

ಮಕ್ಕಳು ಮೊದಲು ಲೈಬ್ರರಿಯಲ್ಲಿ ರೆಕಾರ್ಡ್ ಮಾಡಲು ನೋಡಿದರು. ಮಾತಾಡಿದರೆ ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಸಂಗೀತದ ಕೋಣೆಯಲ್ಲಿ ಪಕ್ಕದ ಜಿಮ್‌ನ ಚೆಂಡಿನ ಸದ್ದು. ಮನೆಗಳಲ್ಲಂತೂ ತಮ್ಮ, ತಂಗಿ, ಟಿ.ವಿ., ಮೇಲೆ ವಿಮಾನ. ಆಗ ವೆಂಕಪ್ಪ ತಮ್ಮ ಸ್ಟೋರ್ ರೂಮನ್ನು ಬಿಟ್ಟುಕೊಟ್ಟರು. ಅಸೆಂಬ್ಲಿ ಹಾಲಿನ ವೇದಿಕೆಯ ಅಡಿಯಲ್ಲಿರುವ ಆ ಕೋಣೆಗೆ ಕಿಟಕಿಯಿಲ್ಲ, ಬಾಗಿಲಲ್ಲಿ ಅಂಗೈ ಅಗಲದ ಗಾಜು ಮಾತ್ರ. ಒಳಗೆ ಮಾಪು, ಬಕೆಟ್ಟು, ಒಡೆದ ಕುರ್ಚಿಗಳು. ಮೂರು ಗೋಡೆಗೂ ಟಾಯ್ಲೆಟ್ ರೋಲಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿ, ನಾಲ್ಕನೆಯದಕ್ಕೆ ಜಿಮ್‌ನ ಹಳೇ ಚಾಪೆಗಳನ್ನು ನಿಲ್ಲಿಸಿದ್ದು ಅವರದೇ ಉಪಾಯ. ಒಳಗೆ ನಿಂತು ಮಾತಾಡಿದರೆ ಪ್ರತಿಧ್ವನಿ ಎಂಬುದೇ ಇಲ್ಲ.

ಆದರೂ ವಿಮಾನದ ಗುಡುಗು ಒಳಗೆ ಬರುತ್ತಿತ್ತು. ಅದಕ್ಕೇ ಮುಂಜಾವದ ಈ ಏರ್ಪಾಡು. ಹೆಡ್‌ಟೀಚರ್ ಲಿಖಿತ ಅನುಮತಿ ಕೊಟ್ಟಿದ್ದಾರೆ: ಐದು ದಿನ ಮಾತ್ರ, ಟೀಚರ್ ಜೊತೆಗಿರಬೇಕು, ಅಪ್ಪ ಅಮ್ಮ ತಂದು ಬಿಡಬೇಕು. ಸೋಮವಾರ ಬಾಯ್ಲರ್ ಗೊರಗುಟ್ಟಿತು. ಮಂಗಳವಾರ ಯಾರದೋ ಕಾರಿನ ಅಲಾರಂ. ಬುಧವಾರ ಓದಬೇಕಾದ ಹುಡುಗಿಯ ಗಂಟಲು ಕಟ್ಟಿತ್ತು. ಗುರುವಾರ ಎಲ್ಲ ಸರಿಯಿತ್ತು, ರೆಕಾರ್ಡರಿನ ಬ್ಯಾಟರಿ ಸತ್ತಿತು. ಇವತ್ತು ಐದನೇ ದಿನ.

ಐದೂಕಾಲಿಗೆ ಮೂವರೂ ಬರುತ್ತಾರೆ. ಹಿಸ್ಟರಿ ಟೀಚರ್ ಮಿಸ್ ಹೋಲ್ಟ್, ಕೈಯಲ್ಲಿ ಫ್ಲಾಸ್ಕ್. ಕಿವಿಗೆ ದೊಡ್ಡ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಬರುವ ಕ್ಯಾಲಮ್, ರೆಕಾರ್ಡಿಂಗ್ ಅವನ ಜವಾಬ್ದಾರಿ. ಮತ್ತೆ ಪ್ರೇಕ್ಷಾ, ಹದಿನೈದು ವರ್ಷ. ಅವಳ ಅಪ್ಪ ಅಮ್ಮ ಬೆಂಗಳೂರಿನವರು, ಇಬ್ಬರಿಗೂ ಅಕ್ಸ್‌ಬ್ರಿಡ್ಜ್‌ನಲ್ಲಿ ಆಫೀಸು. ಕಥೆ ಬರೆದವಳೂ ಓದುವವಳೂ ಅವಳೇ. ಶಾಲೆಗೆಲ್ಲ ವೆಂಕಪ್ಪ 'ಮಿಸ್ಟರ್ ವಿ'. ಪ್ರೇಕ್ಷಾಳಿಗೆ ಮಾತ್ರ ಅಂಕಲ್.

"ತಿಂಡಿ ಆಯ್ತಾ ಮಗಾ?" ಎಂದು ವೆಂಕಪ್ಪ ಕೇಳುತ್ತಾರೆ.

"ಟೂ ನರ್ವಸ್, ಅಂಕಲ್," ಎನ್ನುತ್ತಾಳೆ ಅವಳು. ಈ ಊರಿನ ನಮ್ಮ ಮಕ್ಕಳೆಲ್ಲ ಹೀಗೇ. ಕನ್ನಡ ಕಿವಿಯಲ್ಲಿ ಒಳಗೆ ಹೋಗುತ್ತದೆ, ಇಂಗ್ಲಿಷು ಬಾಯಲ್ಲಿ ಹೊರಗೆ ಬರುತ್ತದೆ.

ಸ್ಟೋರ್ ರೂಮಿನೊಳಗೆ ವೆಂಕಪ್ಪ ಬಾಗಿಲ ಪಕ್ಕ ತಮ್ಮ ಜಾಗ ಹಿಡಿಯುತ್ತಾರೆ. ಬಲ ಅಂಗೈಯನ್ನು ಆ ಸಣ್ಣ ಗಾಜಿನ ಮೇಲೆ ಒತ್ತಿ ನಿಲ್ಲುತ್ತಾರೆ. ವಿಮಾನ ಬರುವುದನ್ನು ಅವರು ಕೇಳಿಸಿಕೊಳ್ಳುವುದಿಲ್ಲ, ಮುಟ್ಟಿ ನೋಡುತ್ತಾರೆ. ಗಾಜು ಸಣ್ಣಗೆ ಅದುರಿದರೆ ಎರಡೂ ತೋಳನ್ನು ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿಯುತ್ತಾರೆ. ನಿಲ್ಲಿಸು ಎಂದರ್ಥ. ರನ್‌ವೇ ದಾಟಿ ಬಂದ ವಿಮಾನವನ್ನು ಅದರ ಜಾಗದಲ್ಲಿ ನಿಲ್ಲಿಸುವ ಸನ್ನೆಯಿದು. ಮೈಕ್ರೊಫೋನಿಗಿಂತ ಐದಾರು ಸೆಕೆಂಡು ಮೊದಲೇ ವೆಂಕಪ್ಪನವರಿಗೆ ಗೊತ್ತಾಗುತ್ತದೆ ಎಂದು ಕ್ಯಾಲಮ್ ಆಣೆ ಮಾಡಿ ಹೇಳುತ್ತಾನೆ.

ಅಂಗೈ ಯಾಕೆ ಎಂದರೆ, ಅವರ ಎಡಗಿವಿ ಪೂರ್ತಿ ಸತ್ತಿದೆ. ಬಲಗಿವಿ ಅರ್ಧ.

ಐದು ಮೂವತ್ತೆಂಟು. ವೆಂಕಪ್ಪ ಅಡ್ಡ ಹಿಡಿದಿದ್ದ ತೋಳನ್ನು ಇಳಿಸಿ ಮತ್ತೆ ಗಾಜು ಮುಟ್ಟುತ್ತಾರೆ. ಕ್ಯಾಲಮ್ ಬೆರಳೆತ್ತುತ್ತಾನೆ. ಪ್ರೇಕ್ಷಾ ಓದಲು ಶುರುಮಾಡುತ್ತಾಳೆ. ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿರುವುದು ನನಗೊಬ್ಬಳಿಗೇ ಅಲ್ಲ ಎಂಬುದು ಮಿಸ್ ಹೋಲ್ಟ್ ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ಅವಳು ಹೇಳುತ್ತಿರುವುದು 1981ರ ಆಗಸ್ಟ್ ತಿಂಗಳ ಕಥೆ. ವಿಮಾನಗಳಿಗೆ ದಾರಿ ತೋರಿಸುವ ಅಮೆರಿಕದ ಹದಿಮೂರು ಸಾವಿರ ಏರ್ ಟ್ರಾಫಿಕ್ ಕಂಟ್ರೋಲರ್‌ಗಳು ಮುಷ್ಕರ ಹೂಡಿದರು. ದುಡಿಮೆಯ ಗಂಟೆ ಹೆಚ್ಚಾಯಿತು, ನರ ಹರಿಯುತ್ತಿದೆ ಎಂದರು. ಮುಷ್ಕರ ಹೂಡುವುದಿಲ್ಲವೆಂದು ಕೆಲಸಕ್ಕೆ ಸೇರುವಾಗ ಸಹಿ ಹಾಕಿದ್ದವರು ಅವರು. ಅಧ್ಯಕ್ಷರು ನಲವತ್ತೆಂಟು ಗಂಟೆ ಗಡುವು ಕೊಟ್ಟರು. ಹಿಂದಿನ ವರ್ಷ ಚುನಾವಣೆಯಲ್ಲಿ ಅದೇ ಅಧ್ಯಕ್ಷರನ್ನು ಇವರದೇ ಸಂಘ ಬೆಂಬಲಿಸಿತ್ತು. ಗಡುವು ಮುಗಿದಾಗ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಕೆಲಸ ಒಂದೇ ದಿನ ಹೋಯಿತು. ಅಪ್ಪ ಅಮ್ಮಂದಿರಲ್ಲಿ ಅರ್ಧದಷ್ಟು ಜನ ಏರ್‌ಪೋರ್ಟಿನಲ್ಲಿ ದುಡಿಯುವ ಶಾಲೆಯ ಮಕ್ಕಳು ಈ ವಿಷಯವನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರೇಕ್ಷಾ ಓದುವುದಿಲ್ಲ, ಹೇಳುತ್ತಾಳೆ. ಕೆಲಸ ಕಳೆದುಕೊಂಡವನೊಬ್ಬ ಮನೆಯ ಅಂಗಳದಲ್ಲಿ ನಿಂತು ಮೇಲೆ ಹೋಗುವ ವಿಮಾನ ನೋಡುತ್ತಿದ್ದ ಎನ್ನುವಲ್ಲಿ ಉಸಿರು ಹಿಡಿದು ನಿಲ್ಲಿಸುತ್ತಾಳೆ. ವೆಂಕಪ್ಪನವರ ಕಣ್ಣು ಅವಳ ಮುಖ ಬಿಟ್ಟು ಕದಲುವುದಿಲ್ಲ. ಏಳು ನಿಮಿಷ, ಒಂದು ತಪ್ಪಿಲ್ಲ. ಐದು ನಲವತ್ತೈದಕ್ಕೆ ಕ್ಯಾಲಮ್ ಬೆರಳು ಇಳಿಸುತ್ತಾನೆ. ಎಲ್ಲರೂ ಒಟ್ಟಿಗೆ ಉಸಿರು ಬಿಡುತ್ತೇವೆ.

ಮಿಸ್ ಹೋಲ್ಟ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿರುವಾಗಲೇ ಕ್ಯಾಲಮ್‌ನ ಹುಬ್ಬು ಗಂಟಾಗುತ್ತದೆ. ಹೆಡ್‌ಫೋನನ್ನು ಒತ್ತಿ ಹಿಡಿದು ಮತ್ತೆ ಕೇಳುತ್ತಾನೆ. "ದೇರ್ ಈಸ್ ಎ ಹಮ್," ಎನ್ನುತ್ತಾನೆ.

ಏನೋ ಗುಂಯ್‌ಗುಟ್ಟುತ್ತಿದೆಯಂತೆ. ಬಾಯ್ಲರ್ ಇರಬೇಕು ಎಂದು ವೆಂಕಪ್ಪ ಓಡುತ್ತಾರೆ. ಬಾಯ್ಲರ್ ಆರಿದೆ, ತಾವೇ ಆರಿಸಿದ್ದು. ಕಾರಿಡಾರಿನ ಟ್ಯೂಬ್‌ಲೈಟು ಆರಿಸುತ್ತಾರೆ. ಸ್ಟಾಫ್‌ರೂಮಿನ ಫ್ರಿಜ್ಜಿನ ಪ್ಲಗ್ ಕಿತ್ತು ಬರುತ್ತಾರೆ. ಐವತ್ತೇಳು ವರ್ಷದ ಮನುಷ್ಯ ಕತ್ತಲಲ್ಲಿ ಓಡಾಡುತ್ತ ಸದ್ದಿನ ಬೇರು ಹುಡುಕುತ್ತಿದ್ದಾರೆ. ಸಮಯ ಐದು ಐವತ್ತೆರಡು.

ಕ್ಯಾಲಮ್ ಇನ್ನೊಮ್ಮೆ ಕೇಳಿ ಹೇಳಿದ ಮಾತು ಎಲ್ಲರನ್ನೂ ನಿಲ್ಲಿಸುತ್ತದೆ. ಇದು ಯಂತ್ರವಲ್ಲ, ಯಂತ್ರಕ್ಕೆ ವಾಕ್ಯ ಮುಗಿಯುವುದು ಗೊತ್ತಾಗುವುದಿಲ್ಲ. ಇದು ಪ್ರೇಕ್ಷಾ ಪ್ರತಿ ಸಲ ನಿಲ್ಲಿಸಿದಾಗ ಬರುತ್ತದೆ.

ಪ್ರೇಕ್ಷಾ ಅವನ ಹೆಡ್‌ಫೋನ್ ಕಿತ್ತುಕೊಂಡು ತನ್ನ ಕಿವಿಗೆ ಹಾಕಿಕೊಳ್ಳುತ್ತಾಳೆ. ಹತ್ತು ಸೆಕೆಂಡು. ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುವುದಿಲ್ಲ.

"ಅಂಕಲ್," ಎನ್ನುತ್ತಾಳೆ, "ಇಟ್ಸ್ ಯೂ. ಯು ಆರ್ ಸೇಯಿಂಗ್ ಹೂಂ."

ಕಥೆ ಹೇಳುವವರು ಹೇಳುತ್ತಿದ್ದರೆ ಕೇಳುವವರು ಹೂಂಗುಟ್ಟಬೇಕು. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿಲ್ಲ, ಹಾಗೆಂದು ಕಲಿಯದವರೂ ಇಲ್ಲ. ಹೂಂ ಎನ್ನದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು, ನಿದ್ದೆ ಹೋದೆಯಾ ಎನ್ನುತ್ತಿದ್ದಳು. ಪ್ರೇಕ್ಷಾಳ ಅಜ್ಜಿ ಚಂದ್ರಿಕಾ ಜಯನಗರದಿಂದ ಸ್ಕೈಪಿನಲ್ಲಿ ಕಥೆ ಹೇಳುವಾಗಲೂ ಅದೇ ಕಾಯಿದೆ. ಹಾಗಾಗಿಯೇ ಅವಳಿಗೆ ಗೊತ್ತಾಯಿತು. ವೆಂಕಪ್ಪನವರಿಗೆ ತಾವು ಹೂಂ ಎಂದದ್ದೇ ಗೊತ್ತಿಲ್ಲ. ಮನಸ್ಸಿನೊಳಗೆ ಅಂದುಕೊಂಡದ್ದು ಗಂಟಲಿಂದ ಹೊರಗೆ ಬಂದಿದೆ, ಬಂದದ್ದು ಅವರ ಕಿವಿಗೆ ಮುಟ್ಟಿಲ್ಲ.

ಅವರ ಮುಖದಲ್ಲಿ ರಕ್ತವೇ ಇಲ್ಲ. "ಅಯ್ಯಯ್ಯೋ. ನನ್ನ ಬಾಯಿಗ್ ಬೆಂಕಿ ಹಾಕ. ಎಂತ ಮಾಡಿದೆ ನಾನ್," ಎನ್ನುತ್ತ ಬಕೆಟ್ಟಿನ ಮೇಲೆ ಕುಳಿತುಬಿಡುತ್ತಾರೆ.

ಸುಮ್ಮನೆ ಒಂದು ಸದ್ದಾಗಿದ್ದರೆ ಪರವಾಗಿರಲಿಲ್ಲ. ಮಿಸ್ ಹೋಲ್ಟ್ ಸ್ಪರ್ಧೆಯ ನಿಯಮದ ಹಾಳೆ ತೆಗೆಯುತ್ತಾರೆ. ರೆಕಾರ್ಡಿಂಗಿನಲ್ಲಿ ದೊಡ್ಡವರ ಧ್ವನಿ ಇರಕೂಡದು. ಇದ್ದರೆ ಅವರು ಸಂದರ್ಶನ ಕೊಟ್ಟವರಾಗಿರಬೇಕು, ಅವರ ಹೆಸರು ಹೇಳಬೇಕು, ಸಹಿ ಮಾಡಿದ ಒಪ್ಪಿಗೆ ಪತ್ರ ಜೊತೆಗಿರಬೇಕು. ಕಳೆದ ವರ್ಷ ಒಂದು ತಂಡವನ್ನು, ಹಿಂದಿನಿಂದ ತಾಯಿ ಹೇಳಿಕೊಡುವುದು ಕೇಳಿಸಿತೆಂದು ಕೈಬಿಟ್ಟಿದ್ದರಂತೆ. ಕ್ಯಾಲಮ್ ಹೂಂಗಳನ್ನು ಎಣಿಸುತ್ತಾನೆ. ಇಪ್ಪತ್ತಾರು. ಇಪ್ಪತ್ತೆರಡನ್ನು ಕತ್ತರಿಸಬಹುದು. ನಾಲ್ಕು ಪ್ರೇಕ್ಷಾಳ ಮಾತಿನ ಮೇಲೇ ಕೂತಿವೆ, ಕತ್ತರಿಸಿದರೆ ಅವಳ ಮಾತೂ ಹೋಗುತ್ತದೆ.

ಇನ್ನೊಮ್ಮೆ ಮಾಡೋಣ ಎಂದು ಪ್ರೇಕ್ಷಾ ಎದ್ದು ನಿಲ್ಲುತ್ತಾಳೆ. ಆರು ಗಂಟೆ ಎರಡು ನಿಮಿಷ. ವೆಂಕಪ್ಪ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಗಾಜಿನ ಮೇಲೆ ಅಂಗೈ ಇಡುತ್ತಾರೆ. ಅವಳು ಮೂರನೇ ವಾಕ್ಯದಲ್ಲಿರುವಾಗ ಅವರ ಎರಡೂ ತೋಳು ಮೇಲೆದ್ದು ಕತ್ತರಿಯಾಗುತ್ತವೆ. ಐದು ಸೆಕೆಂಡಿನ ನಂತರ ಸೂರು ಗಡಗಡ ಎನ್ನುತ್ತದೆ. ಒಂದೂವರೆ ನಿಮಿಷಕ್ಕೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಮೂಡಣ ಗಾಳಿ ತನ್ನ ಮಾತು ಉಳಿಸಿಕೊಂಡಿದೆ. ಆ ನಾಲ್ಕು ಸಾಲನ್ನು ಮಾತ್ರ ವಿಮಾನಗಳ ನಡುವೆ ಹೇಳಿಸಿ ಅಂಟಿಸಿದರೆ ತೇಪೆ ಎದ್ದು ಕೇಳಿಸುತ್ತದೆ ಎನ್ನುತ್ತಾನೆ ಕ್ಯಾಲಮ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಿಸ್ ಹೋಲ್ಟ್ ಖಾಲಿ ಒಪ್ಪಿಗೆ ಪತ್ರವೊಂದನ್ನು ವೆಂಕಪ್ಪನವರ ಕಡೆ ಚಾಚುತ್ತಾರೆ. ನಿಧಾನವಾಗಿ, ಅವರ ಬಲಗಿವಿಯ ಕಡೆಗೆ ನಿಂತು ವಿವರಿಸುತ್ತಾರೆ. ಮಿಸ್ಟರ್ ವಿ, ನೀವು ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು, ಇಲ್ಲಿ ಸಹಿ ಮಾಡಿದರೆ ನಿಮ್ಮ ಹೂಂ ನಿಯಮದೊಳಗೆ ಬರುತ್ತದೆ. ಒತ್ತಾಯವಿಲ್ಲ. ಅವರು ಹೇಳುವುದು ಮುಗಿಯುವವರೆಗೆ ವೆಂಕಪ್ಪ ತುಟಿ ಬಿಗಿದು ನಿಂತಿರುತ್ತಾರೆ. ಹೂಂ ಎನ್ನುವುದಿಲ್ಲ, ಉಹುಂ ಎನ್ನುವುದೂ ಇಲ್ಲ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಗೇಟು ತೆಗೆಯಬೇಕು ಎಂದಷ್ಟೇ ಹೇಳಿ ಹೊರಟುಬಿಡುತ್ತಾರೆ.

ನಾನು ಹಿಂದೆಯೇ ಹೋಗುತ್ತೇನೆ. ಮಕ್ಕಳ ಮುಂದೆ ಹೇಳದ್ದನ್ನು ನಡೆಯುತ್ತ ಹೇಳಿಯಾರು ಎಂಬ ಆಸೆ. ಏಳರೊಳಗೆ ಅರವತ್ತೊಂದು ಬಾಗಿಲು, ನಾಲ್ಕು ಗೇಟು. ಸಾವಿರದ ನೂರು ಮಕ್ಕಳು ಬರುವ ಮೊದಲು ಮೆಟ್ಟಿಲಿಗೆ ಉಪ್ಪು ಎರಚಬೇಕು, ಇಲ್ಲದಿದ್ದರೆ ಹಿಮ ಕಟ್ಟಿ ಜಾರುತ್ತದೆ. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡೆಯುತ್ತಾರಂತೆ. ಮಗಳು ಜ್ಯೋತ್ಸ್ನಾ ಅವರ ಕೈಗೆ ಕಟ್ಟಿದ, ಹೆಜ್ಜೆ ಎಣಿಸುವ ಗಡಿಯಾರ ಹಾಗೆ ಹೇಳುತ್ತದೆ. "ಬೆಟ್ಟ ಹತ್ತಿದ್ರೆ ದೇವ್ರಾದ್ರೂ ಸಿಕ್ತಿದ್ದ," ಎಂದು ಇನ್ನೊಂದು ದಿನವಾದರೆ ನಗುತ್ತಿದ್ದರು. ಇವತ್ತು ನಗುವಿಲ್ಲ. ಜೇಬು ಮುಟ್ಟಿಕೊಂಡು ಮುಟ್ಟಿಕೊಂಡು ನಡೆಯುತ್ತಾರೆ.

ಅವರ ಹುಟ್ಟೂರು ಕುಂದಾಪುರದ ಹತ್ತಿರದ ತ್ರಾಸಿ. 1997ರಲ್ಲಿ ಲಂಡನ್ನಿಗೆ ಬಂದದ್ದು ವೆಂಬ್ಲಿಯ ಈಲಿಂಗ್ ರೋಡಿನ ಹೋಟೆಲೊಂದರ ಅಡುಗೆಮನೆಗೆ. ದಿನಕ್ಕೆ ಮುನ್ನೂರು ದೋಸೆ ಹುಯ್ಯುತ್ತಿದ್ದರು. ಐದು ವರ್ಷದ ನಂತರ ಏರ್‌ಪೋರ್ಟಿನಲ್ಲಿ ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬುವ ಕೆಲಸ ಸಿಕ್ಕಿತು. ಆ ತೋಳಿನ ಸನ್ನೆಗಳನ್ನೆಲ್ಲ ಕಲಿತದ್ದು ಅಲ್ಲೇ. ಕಿವಿಗೆ ಹಾಕುವ ಮುಚ್ಚಳ ಕೊಟ್ಟಿದ್ದರು, ಆದರೆ ಹಾಕಿಕೊಂಡರೆ ಹಿಂದಿನಿಂದ ಬರುವ ಗಾಡಿಯ ಹಾರ್ನ್ ಕೇಳಿಸುತ್ತಿರಲಿಲ್ಲ. ಹಾಗಾಗಿ ಒಂದು ಕಿವಿಯದನ್ನು ತೆಗೆದೇ ಇಡುತ್ತಿದ್ದರು. ಎಡಗಿವಿಯದನ್ನು.

ಎಂಟು ವರ್ಷ ಹೀಗೆ. 2010ರಲ್ಲಿ ಕಿವಿ ಪರೀಕ್ಷೆ ಮಾಡಿಸಿದ ಗುತ್ತಿಗೆ ಕಂಪನಿ ಅವರನ್ನು ಆಫೀಸಿಗೆ ಕರೆಯಿತು. ಮೇಜಿನ ಆಚೆ ಮ್ಯಾನೇಜರು. ಪಕ್ಕದಲ್ಲಿ ಬರೆದುಕೊಳ್ಳುವ ಒಬ್ಬಾಕೆ.

"ಅವ್ರ್ ಉದ್ದಕ್ಕೆ ಹೇಳ್ತಾ ಹೋದ್ರ್," ಎನ್ನುತ್ತ ವೆಂಕಪ್ಪ ಉಪ್ಪಿನ ಚೀಲ ಕೆಳಗಿಡುತ್ತಾರೆ. "ನನ್ಗೆ ಅರ್ಧ ಕೇಂತಿತ್ತ್, ಅರ್ಧ ಇಲ್ಲ. ದೊಡ್ಡೋರ್ ಮಾತಾಡ್ವತ್ತಿಗೆ ಸುಮ್ನೆ ಕೂಕಂಡ್ರೆ ಮರ್ಯಾದಿ ಅಲ್ಲ ಅಲ್ದಾ? ನಾನ್ ಹೂಂ ಅಂದೆ. ಅವ್ರ್ ಮತ್ತೂ ಹೇಳ್ದ್ರ್. ನಾನ್ ಮತ್ತೂ ಹೂಂ ಅಂದೆ. ಕೇಂತಾ ಇದ್ದೆ ಹೇಳಿ, ಅಷ್ಟೇ ಮರಾಯ್ರೆ." ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಆ ಹೂಂನ ಅರ್ಥ.

ಮ್ಯಾನೇಜರು ಮೊದಲು ಹೇಳಿದ್ದು, ನೀವಾಗಿಯೇ ಕೆಲಸ ಬಿಟ್ಟು ಹೋಗಬಹುದು ಎಂದು. ಎರಡನೆಯದು, ಒಳಗಡೆ ಸದ್ದಿಲ್ಲದ ಕಡೆ ಬೇರೆ ಕೆಲಸ ಕೊಡಬಹುದು ಎಂದು ಇತ್ತಂತೆ. ಅದು ಬಾಯಿಗೆ ಬರುವ ಮುಂಚೆಯೇ ಮೊದಲನೆಯದಕ್ಕೆ ಹೂಂ ಬಿದ್ದಾಗಿತ್ತು. ಬರೆದುಕೊಳ್ಳುತ್ತಿದ್ದಾಕೆ 'ಒಪ್ಪಿದ್ದಾರೆ' ಎಂದು ಬರೆದಳು. ಅದರ ಅಡಿಯಲ್ಲಿ ವೆಂಕಪ್ಪ ಸಹಿ ಮಾಡಿದರು, ಬಂದದ್ದಕ್ಕೆ ಹಾಕುವ ಸಹಿ ಎಂದುಕೊಂಡು. ವಾರದ ನಂತರ ಕಾಗದ ಬಂದಾಗಲೇ ತಿಳಿದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಮನುಷ್ಯ ಮಾತು ಕೂಡ ಆಡಿರಲಿಲ್ಲ. ಇದನ್ನು ಕೇಳಿ ನನಗೆ ಬಂದ ಸಿಟ್ಟನ್ನು ಎಲ್ಲಿಡಲಿ ಎಂದು ತಿಳಿಯದೆ ಉಪ್ಪಿನ ಚೀಲವನ್ನು ನಾನೇ ಎತ್ತಿಕೊಳ್ಳುತ್ತೇನೆ.

ಆಮೇಲೆ ಯಾರ ಹತ್ತಿರವೂ ದೂರು ಹೇಳಲಿಲ್ಲವೇ? "ಯಾರ್ ಹತ್ರ ಹೇಳುದು? ಎಂತ ಹೇಳುದು? ನಾನ್ ಹೂಂ ಅಂದದ್ದ್ ಸುಳ್ಳ್ ಅನ್ಕಾ? ಅಂದದ್ದ್ ಹೌದಲೆ." ಹೆಂಡತಿ ವಸಂತಿಯ ಹೊರತು ಯಾರಿಗೂ ಹೇಳಿಲ್ಲ. ಮಗಳಿಗೂ ಇಲ್ಲ. ಅಂದಿನಿಂದ ಬಿಳಿಯರ ಮುಂದೆ ಹೂಂ ಎನ್ನುವುದಿಲ್ಲ, ತುಟಿ ಕಚ್ಚಿಕೊಳ್ಳುತ್ತಾರೆ. ಮಿಸ್ಟರ್ ವಿ ಸ್ವಲ್ಪ ಗಡುಸು ಮನುಷ್ಯ ಎಂದು ಶಾಲೆಯಲ್ಲಿ ಹೆಸರಾಗಿರುವುದು ಇದರಿಂದಲೇ ಎಂದು ನನಗೀಗ ಹೊಳೆಯುತ್ತದೆ. ಈ ಶಾಲೆಯ ಕೆಲಸಕ್ಕೆ ಸೇರುವಾಗ ಕಾಗದಗಳನ್ನು ವಸಂತಿ ಎರಡು ದಿನ ಮನೆಯಲ್ಲಿಟ್ಟುಕೊಂಡು, ಅಕ್ಷರ ಅಕ್ಷರ ಓದಿಸಿ, ಆಮೇಲೆ ಸಹಿ ಮಾಡಿಸಿದ್ದರಂತೆ.

ಒಂಬತ್ತು ಗಂಟೆ. ಒಂಬತ್ತೂವರೆ. ಹತ್ತು. ಕಾಗದ ಜೇಬಿನಲ್ಲೇ ಇದೆ. ವೆಂಕಪ್ಪ ಒಡೆದ ನಲ್ಲಿ ಸರಿಮಾಡುತ್ತಾರೆ, ವಾಂತಿ ಮಾಡಿಕೊಂಡ ಮಗುವಿನ ತರಗತಿ ಒರೆಸುತ್ತಾರೆ. ಪಾಠದ ನಡುವೆ ಕಾರಿಡಾರಿನಲ್ಲಿ ಎದುರಾದ ಪ್ರೇಕ್ಷಾ ಏನನ್ನೂ ಕೇಳುವುದಿಲ್ಲ. ತಲೆ ತಗ್ಗಿಸಿ ಹೋಗುತ್ತಾಳೆ. ಅವಳು ಕೇಳಿದ್ದರೆ ಚೆನ್ನಾಗಿತ್ತು ಎಂಬಂತೆ ಇವರು ಅವಳು ಹೋದ ದಿಕ್ಕನ್ನೇ ನೋಡುತ್ತಾರೆ.

ಹತ್ತೂಕಾಲಿಗೆ ವಸಂತಿಗೆ ಫೋನು. ವಿಮಾನದ ಊಟ ಕಟ್ಟುವ ಕಾರ್ಖಾನೆಯಲ್ಲಿ ಅವರಿಗೆ ಚಹದ ಹೊತ್ತು. ಸ್ಪೀಕರ್ ಹಾಕಿ ಬಲಗಿವಿಗೆ ಹಿಡಿದದ್ದರಿಂದ ಆ ಕಡೆಯ ಮಾತು ನನಗೂ ಕೇಳಿಸುತ್ತದೆ. "ಓದ್ಸಿ ಕೇಣಿ. ಕೇಂಡ್ ಆದ್ಮೇಲೆ ನಿಮ್ಗ್ ಕಂಡ್ ಹಾಂಗ್ ಮಾಡಿ," ಎನ್ನುತ್ತಾರೆ ಆಕೆ. "ಆದ್ರೆ ಹೆದ್ರಿ ಬ್ಯಾಡ ಅನ್ಬೇಡಿ. ಹೆದ್ರಿ ಹೂಂ ಅಂದದ್ದಾಯ್ತ್ ಒಂದ್ ಸಲ, ಹೆದ್ರಿ ಬ್ಯಾಡ ಅಂಬುದೂ ಒಂದೇ."

ಸ್ಟೋರ್ ರೂಮಿನಲ್ಲಿ ನಾನು ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ, ಒಂದೊಂದು ಸಾಲಿಗೂ ಕನ್ನಡ ಹೇಳುತ್ತೇನೆ. ಹನ್ನೊಂದು ಸಾಲು. ನನ್ನ ಧ್ವನಿಯನ್ನು ನನ್ನ ಹೆಸರಿನೊಂದಿಗೆ ಬಳಸಬಹುದು. ಎಲ್ಲಿ ಬೇಕಾದರೂ ಕೇಳಿಸಬಹುದು. ವೆಂಕಪ್ಪ ಒಂದು ಸಲವೂ ಹೂಂ ಎನ್ನುವುದಿಲ್ಲ. ಹೂಂ ಇಲ್ಲದೆ ಓದುವುದು ಎಷ್ಟು ಕಷ್ಟವೆಂದು ನನಗೆ ಆಗ ಗೊತ್ತಾಗುತ್ತದೆ, ಗೋಡೆಗೆ ಓದಿದ ಹಾಗೆ. ಒಂಬತ್ತನೇ ಸಾಲಿನಲ್ಲಿ ಕೈ ಎತ್ತಿ ನಿಲ್ಲಿಸುತ್ತಾರೆ.

"ಅದನ್ನ್ ಮತ್ತೊಂದ್ ಸಲ ಓದಿ."

ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು, ಕಾರಣ ಹೇಳಬೇಕಾಗಿಲ್ಲ. ನಾನು ಮತ್ತೊಮ್ಮೆ ಓದುತ್ತೇನೆ. ಮೂರನೆಯ ಸಲವೂ ಓದಿಸುತ್ತಾರೆ. ಆಮೇಲೆ ಆ ಸಾಲಿನ ಮೇಲೆ ಬೆರಳಿಡುತ್ತಾರೆ.

"ಹಾಂಗೂ ಇರತ್ತಾ ಕಾಗ್ದ?" ಎಂದು ಕೇಳುತ್ತಾರೆ.

ಹತ್ತು ಐವತ್ತಕ್ಕೆ ಮಕ್ಕಳಿಗೆ ಇಪ್ಪತ್ತು ನಿಮಿಷದ ಬಿಡುವು. ಪ್ರೇಕ್ಷಾ, ಕ್ಯಾಲಮ್, ಮಿಸ್ ಹೋಲ್ಟ್ ಓಡಿ ಬರುತ್ತಾರೆ. ಮೇಲೆ ವಿಮಾನಗಳು ಒಂದರ ಹಿಂದೆ ಒಂದು. ನಡುವೆ ಸಿಗುವ ಬಿಡುವು ಹೆಚ್ಚೆಂದರೆ ನಲವತ್ತೈದು ಸೆಕೆಂಡು. ಈಗ ವೆಂಕಪ್ಪ ಮೈಕಿನ ಮುಂದೆ, ಗಾಜಿನ ಹತ್ತಿರ ಯಾರೂ ಇಲ್ಲ. ಅದನ್ನು ಗಮನಿಸಿದ ಅವರು ಎದ್ದು ಹೋಗಿ ಮಿಸ್ ಹೋಲ್ಟ್ ಅವರ ಅಂಗೈ ಹಿಡಿದು ಗಾಜಿನ ಮೇಲೆ ಇಡುತ್ತಾರೆ. ಎಲ್ಲಿ ಅದುರುತ್ತದೆ ಎಂದು ತೋರಿಸುತ್ತಾರೆ.

ಪ್ರೇಕ್ಷಾ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾಳೆ: ಈ ಕಥೆ ಕೇಳುವಾಗ ನೀವು ಹೂಂ ಎಂದಿರಿ, ಯಾಕೆ? ವೆಂಕಪ್ಪ ಇಂಗ್ಲಿಷಿನಲ್ಲೇ ಶುರುಮಾಡುತ್ತಾರೆ. ಐ ವಾಸ್ ವರ್ಕಿಂಗ್ ಎನ್ನುವಲ್ಲಿ ನಿಲ್ಲುತ್ತಾರೆ. ಮತ್ತೆ ಶುರುಮಾಡುತ್ತಾರೆ, ಮತ್ತೆ ಅಲ್ಲೇ ನಿಲ್ಲುತ್ತಾರೆ. ಮಿಸ್ ಹೋಲ್ಟ್ ತೋಳು ಅಡ್ಡ ಹಿಡಿಯುತ್ತಾರೆ, ಸೂರು ಗುಡುಗುತ್ತದೆ. ಎರಡನೇ ಸಲವೂ ಹಾಗೆಯೇ ಆಗುತ್ತದೆ. ಹನ್ನೊಂದು ಗಂಟೆ ಎರಡು ನಿಮಿಷ. ಹಣೆಯ ಬೆವರು ಒರೆಸಿಕೊಂಡು ಅವರು ಎದ್ದೇಳಲು ನೋಡುತ್ತಾರೆ.

ಆಗ ಪ್ರೇಕ್ಷಾ ಅವರ ತೋಳು ಹಿಡಿದು ಕೂರಿಸುತ್ತಾಳೆ. ಈ ವಾರದಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ವಾಕ್ಯ ಅದು, ಅಲ್ಲಲ್ಲಿ ತಡವರಿಸುತ್ತದೆ.

"ಅಂಕಲ್, ಕನ್ನಡದಲ್ಲೇ ಹೇಳಿ. ನಾನು ಹೂಂ ಅಂತೀನಿ."

ವಿಮಾನ ದಾಟುತ್ತದೆ. ಮಿಸ್ ಹೋಲ್ಟ್ ಕೈ ಇಳಿಸುತ್ತಾರೆ.

"ನಾನ್ ಏರ್‌ಪೋರ್ಟಗೆ ಲೋಡಿಂಗ್ ಮಾಡ್ತಿದ್ದೆ," ಎನ್ನುತ್ತಾರೆ ವೆಂಕಪ್ಪ.

"ಹೂಂ," ಎನ್ನುತ್ತಾಳೆ ಪ್ರೇಕ್ಷಾ.

"ಕಿವಿ ಹೋಯ್ತ್. ಆಫೀಸಿಗ್ ಕರ್ದ್ರ್."

"ಹೂಂ."

"ಅವ್ರ್ ಹೇಳ್ದ್ರ್. ನಾನ್ ಈಗ ನೀನ್ ಅಂದ್ಯಲ್ಲೆ ಮಗಾ, ಹಾಂಗೇ ಹೂಂ ಅಂದೆ. ಕೇಂತಾ ಇದ್ದೆ ಹೇಳಿ. ಅವ್ರ್ ಒಪ್ದ ಅಂದೇಳಿ ಬರ್ಕಂಡ್ರ್. ಕೆಲ್ಸ ಹೋಯ್ತ್."

ಈ ಸಲ ಅವಳಿಗೆ ಹೂಂ ಎನ್ನಲು ಒಂದು ಕ್ಷಣ ಬೇಕಾಗುತ್ತದೆ. ಅನ್ನುತ್ತಾಳೆ.

"ಬೆಳಿಗ್ಗೆ ನೀನ್ ಆ ಅಮೇರಿಕದೋರ್ ಕಥಿ ಹೇಳ್ದೆ. ಹನ್ನೊಂದ್ ಸಾವಿರ ಜನ. ಅವ್ರ್ ಹೇಳ್ದದ್ದಕ್ಕೆ ಯಾರೂ ಹೂಂ ಅಂದಿರ್ಲಿಲ್ಲ ಕಾಂತ್. ಅದ್ಕೇ ನನ್ ಬಾಯಿಗೆ ಬಂತ್."

ತೋಳು ಮೇಲೇಳುತ್ತದೆ, ಸೂರು ಗುಡುಗುತ್ತದೆ. ಆದರೆ ಆಗಿದೆ. ನಲವತ್ತೊಂದು ಸೆಕೆಂಡು ಎಂದು ಕ್ಯಾಲಮ್ ಬೆರಳಲ್ಲಿ ತೋರಿಸುತ್ತಾನೆ. ಒಂದು ಪದವೂ ಅರ್ಥವಾಗದ ಆ ಹುಡುಗನ ಕಣ್ಣು ಯಾಕೋ ಕೆಂಪಾಗಿದೆ. ಮುಂದಿನ ಬಿಡುವಿನಲ್ಲಿ ಪ್ರೇಕ್ಷಾ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಹೂಂ ಎಂಬ ಪದವನ್ನು ಮಾತ್ರ ಹಾಗೆಯೇ ಉಳಿಸಿಕೊಂಡು.

ಹನ್ನೊಂದೂಕಾಲು. ಕ್ಯಾಲಮ್ ಹೊಸ ಭಾಗವನ್ನು ಹಳೆಯದಕ್ಕೆ ಜೋಡಿಸುತ್ತಾನೆ. ಕತ್ತರಿಸಬೇಕೆಂದುಕೊಂಡಿದ್ದ ಇಪ್ಪತ್ತೆರಡು ಹೂಂಗಳನ್ನೂ ಹಾಗೇ ಬಿಡುತ್ತಾನೆ. ವೆಂಕಪ್ಪ ನನ್ನ ಪೆನ್ನು ಕೇಳಿ ಪಡೆಯುತ್ತಾರೆ. ಟಾಯ್ಲೆಟ್ ರೋಲಿನ ಪೆಟ್ಟಿಗೆಯ ಮೇಲೆ ಕಾಗದವಿಟ್ಟು, ತಾರೀಕು ಬರೆದು, ಸಹಿ ಮಾಡುತ್ತಾರೆ. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಒಂದೊಂದು ಅಕ್ಷರವೂ ಓದಲು ಬರುವಂತೆ.

ಕಳಿಸುವ ಹೊತ್ತಿಗೆ ಶಾಲೆಯ ಇಂಟರ್ನೆಟ್ಟು ಆಮೆಯಾಗುತ್ತದೆ. ಪರದೆಯ ಮೇಲಿನ ಗೆರೆ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಹನ್ನೊಂದು ನಲವತ್ತು. ಹನ್ನೊಂದು ನಲವತ್ತಾರು. ಮಿಸ್ ಹೋಲ್ಟ್ ಉಗುರು ಕಚ್ಚುತ್ತಾರೆ. ಹನ್ನೊಂದು ಐವತ್ತಮೂರಕ್ಕೆ ಗೆರೆ ತುಂಬುತ್ತದೆ, 'ತಲುಪಿದೆ' ಎಂಬ ಸಾಲು ಮೂಡುತ್ತದೆ. ಕಿರುಚಾಟದಲ್ಲಿ ಯಾರು ಯಾರನ್ನು ಅಪ್ಪಿಕೊಂಡರೆಂದು ನೆನಪಿಲ್ಲ. ನನ್ನ ಶಾಲಿನಲ್ಲಿ ಫ್ಲಾಸ್ಕಿನ ಚಹಾದ ಕಲೆ ಇನ್ನೂ ಇದೆ.

ಬಹುಮಾನದ ವಿಷಯ ಇನ್ನೂ ಯಾರಿಗೂ ಗೊತ್ತಿಲ್ಲ, ತೀರ್ಪು ಬರುವುದು ಮೇ ತಿಂಗಳಲ್ಲಿ. ವೆಂಕಪ್ಪನವರಿಗೆ ಅದರ ಚಿಂತೆ ಇದ್ದಂತಿಲ್ಲ. ಮಧ್ಯಾಹ್ನ ಊಟದ ಹಾಲ್ ಗುಡಿಸಿ ಮುಗಿಸಿದ ಮೇಲೆ ಕ್ಯಾಲಮ್‌ನನ್ನು ಹುಡುಕಿಕೊಂಡು ಬಂದು, ಹೆಡ್‌ಫೋನನ್ನು ಬಲಗಿವಿಗೆ ಒತ್ತಿಸಿಕೊಂಡು, ಏಳು ವರ್ಷ ಬಾಯಿಗೆ ಬೀಗ ಹಾಕಿದ್ದ ತಮ್ಮದೇ ಹೂಂ ಅನ್ನು ಮೊದಲ ಸಲ ಕೇಳುತ್ತಾರೆ.

"ಇಷ್ಟ್ ದೊಡ್ಡಕ್ಕ್ ಅಂದಿದ್ನಾ?" ಎಂದು ನಾಚಿಕೊಳ್ಳುತ್ತಾರೆ. ಸಂಜೆ ಮಗಳಿಗೂ ಕೇಳಿಸಬೇಕು, ಅದಕ್ಕೆ ಫೋನಿಗೆ ಹಾಕಿಕೊಡು ಎಂದು ಅವನನ್ನು ಕೇಳುತ್ತಾರೆ. ಆಮೇಲೆ ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟವರು ಬಾಗಿಲಲ್ಲಿ ನನ್ನ ಕಡೆ ತಿರುಗುತ್ತಾರೆ.

"ಬರ್ಕಣಿ ಮೇಡಮ್ಮ," ಎನ್ನುತ್ತಾರೆ. "ಆವತ್ತ್ ಅಂದ ಹೂಂ, ಕೇಂತಾ ಇದ್ದೆ ಹೇಳಿ. ಇವತ್ತ್ ಹಾಕಿದ್ ಸಹಿ, ಕೇಂಡ್ ಒಪ್ದೆ ಹೇಳಿ."

ಹೂಂ, ಎನ್ನುತ್ತೇನೆ ನಾನು.